ದೂರದ ನಾದಯಂತ್ರವೂ ದೂತಧರ್ಮವೂ

ವಾದ್ಯವೂ ಅದನ್ನು ನುಡಿಸುವ ಕೈಯೂ ಒಂದೆಡೆಯಲ್ಲಿರಬೇಕೆಂಬುದು ನಮ್ಮ ಹಿರಿಯರಿಗೆ ಬಾಯಿಬಿಟ್ಟು ಹೇಳಬೇಕಾದ ನಿಯಮವೇ ಆಗಿರಲಿಲ್ಲ. ಮದ್ದಳೆಯ ಮುಚ್ಚಿಗೆಯ ಮೇಲೆ ಬೆರಳಿಟ್ಟವನು ಮದ್ದಳೆಗಾರ. ಚಂಡೆಗೆ ಕೋಲು ಹಾಕಿದವನು ಚಂಡೆಯವನು. ಸೋರೆಯ ಪುಂಗಿಗೆ ಉಸಿರು ಕೊಟ್ಟವನು, ಆಮೇಲಿನ ಕಾಲದಲ್ಲಿ ಹಾರ್ಮೋನಿಯಮ್ಮಿನ ತಿದಿಯೊತ್ತಿದವನು, ಶ್ರುತಿಯವನು. ಶ್ರುತಿ ಕೆಟ್ಟರೆ ಭಾಗವತರು ಯಾರ ಕಡೆಗೆ ಕಣ್ಣು ಹೊರಳಿಸಬೇಕೆಂಬುದರಲ್ಲಿ ಸಂಶಯವಿರಲಿಲ್ಲ. ಕೈ, ವಾದ್ಯ, ಹೊಣೆ ಈ ಮೂರೂ ಒಂದೇ ಚಾಪೆಯ ಮೇಲೆ ಕುಳಿತಿದ್ದುವು.

ಈಗ ಅವು ಮೂರೂ ಚದರಿಹೋಗಿವೆ. 1979ರಲ್ಲಿ ಬೆಂಗಳೂರಿನ ಶ್ರೀ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯೊಂದನ್ನು ಮಾಡಿದರು. ಅಂಥ ಶ್ರುತಿಪೆಟ್ಟಿಗೆಗಳು ಕ್ರಮೇಣ ಕಚೇರಿಗಳಿಂದ ನಮ್ಮ ಹಿಮ್ಮೇಳದ ಮಗ್ಗುಲಿಗೂ ಬಂದು ಕುಳಿತುವು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದಾಗ, ಗಾಳಿಯೂ ಉಸಿರೂ ತಂತಿಯೂ ಇಲ್ಲದ ಪೆಟ್ಟಿಗೆಯೊಂದು ರಾತ್ರಿಯಿಡೀ ಶ್ರುತಿ ಹಿಡಿಯುತ್ತದೆಂದು ಯಾರಾದರೂ ಹೇಳಿದ್ದರೆ, ಅದನ್ನು ಹಾಸ್ಯಗಾರನ ಮಾತಿಗೆ ಸೇರಿಸುತ್ತಿದ್ದರೆಂದು ತೋರುತ್ತದೆ. ಆದರೂ ಆ ಪೆಟ್ಟಿಗೆ ಭಾಗವತರ ಮಗ್ಗುಲಲ್ಲಿಯೇ ಇತ್ತು. ಅದರ ತಿರುಗಣೆ ಅವರ ಕೈಗೆ ಸಿಕ್ಕುತ್ತಿತ್ತು. ಇಂದು ಅದೂ ತಪ್ಪುತ್ತಿದೆ. ನಾದವನ್ನು ಹೊರಡಿಸುವ ಯಂತ್ರ ಒಂದು ಕೋಣೆಯಲ್ಲಿ, ಅದಕ್ಕೆ ಅಪ್ಪಣೆ ಕೊಡುವ ಗಾಜಿನ ಪರದೆ ಇನ್ನೊಂದು ಕೋಣೆಯಲ್ಲಿ, ನಡುವೆ ಕಣ್ಣಿಗೆ ಕಾಣದ ಅಲೆ. ಈ ಪರದೆಯ ಮೇಲೆ ಏನನ್ನು ಬರೆಯಬೇಕು, ಏನನ್ನು ಬರೆಯಬಾರದು ಎಂಬುದು ಕೇವಲ ಕುಶಲಕರ್ಮಿಗಳ ವಿಷಯವೆಂದು ಬಿಟ್ಟುಬಿಡಬಹುದಾಗಿದ್ದರೆ ಈ ಮಾಸಪತ್ರಿಕೆಯ ಪುಟಗಳಲ್ಲಿ ಅದಕ್ಕೆ ಎಡೆಯಿರುತ್ತಿರಲಿಲ್ಲ. ಅದು ಧರ್ಮದ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ನಾದದ ಮಾದರಿಯನ್ನು ಹಿಡಿದಿಟ್ಟುಕೊಂಡು ಬೇಕೆಂದಾಗ ನುಡಿಸುವ ಸಾಧನಕ್ಕೆ ಸ್ಯಾಂಪ್ಲರ್ ಎಂದು ಹೆಸರು. ಚಂಡೆಯ ಒಂದು ಪೆಟ್ಟನ್ನು ಮೈಕಿನ ಮೂಲಕ ಹಿಡಿದು, ಸೆಕೆಂಡಿಗೆ 44,100 ಸಲ ಅದರ ಏರಿಳಿತವನ್ನು ಅಳೆದು, ಆ ಅಳತೆಗಳನ್ನು ಅಂಕಿಗಳ ಸಾಲಾಗಿ ಗಣಕಯಂತ್ರದಲ್ಲಿ ಬರೆದಿಡುತ್ತಾರೆ. ಎಡಬಲ ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಹೀಗೆ ಬರೆದರೆ ಒಂದು ಗಂಟೆಯ ನಾದಕ್ಕೆ ಸುಮಾರು 635 ಮೆಗಾಬೈಟಿನಷ್ಟು ಅಂಕಿ ಬೇಕು. ಮೆಲ್ಲನೆಯ ಪೆಟ್ಟು, ನಡುತರದ್ದು, ಬಿರುಸಿನದು ಎಂದು ಹಲವು ಪದರಗಳನ್ನು ಹಿಡಿದಿಟ್ಟರೆ, ಬೆರಳಿನ ಬಲಕ್ಕೆ ತಕ್ಕ ಪೆಟ್ಟನ್ನು ಯಂತ್ರ ಆಯ್ದು ಕೊಡುತ್ತದೆ. 1979ರಲ್ಲಿಯೇ ಆಸ್ಟ್ರೇಲಿಯದಲ್ಲಿ ಹೊರಬಂದ ಫೇರ್‌ಲೈಟ್ ಎಂಬ ಯಂತ್ರದಲ್ಲಿ ಪರದೆಯೂ ಬೆಳಕಿನ ಲೇಖನಿಯೂ ಇದ್ದುವು. ನುಡಿಸುವವನು ನಾದದ ಆಕಾರವನ್ನು ಕಣ್ಣಿಂದ ನೋಡಿ ಕೈಯಿಂದ ತಿದ್ದಬಹುದಾಗಿತ್ತು. ಕಿವಿಯ ವಸ್ತುವಿಗೆ ಕಣ್ಣಿನ ಮುಖವೊಂದನ್ನು ತೊಡಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು.

ಆಮೇಲೆ ನಡೆದ ಮಾರ್ಪಾಟುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಯಂತ್ರವನ್ನೂ ಮುಖವನ್ನೂ ಬೇರ್ಪಡಿಸಿದ್ದು. ಈ ಶತಮಾನದ ಮೊದಲ ವರ್ಷಗಳಲ್ಲಿ ಯೂರೋಪಿನ ಕೆಲವು ತಂತ್ರಜ್ಞರು ಲಿನಕ್ಸ್‌ಸ್ಯಾಂಪ್ಲರ್ ಎಂಬ ತಂತ್ರಾಂಶವನ್ನು ಕಟ್ಟತೊಡಗಿದರು. ಅದರ ವಿಶೇಷವೆಂದರೆ ಅದಕ್ಕೆ ತನ್ನದೇ ಆದ ಮುಖವಿಲ್ಲ. ನಾದವನ್ನು ಹೊರಡಿಸುವ ಭಾಗ ಕುರುಡಾಗಿ, ಮೂಕವಾಗಿ ಎಲ್ಲಿಯೋ ಒಂದೆಡೆ ಕುಳಿತಿರುತ್ತದೆ. ಕ್ಯೂಸ್ಯಾಂಪ್ಲರ್, ಜೆಸ್ಯಾಂಪ್ಲರ್ ಮೊದಲಾದ ಮುಖಗಳು ಬೇರೆ ಗಣಕಯಂತ್ರದಲ್ಲಿದ್ದುಕೊಂಡು, ಓದಬಹುದಾದ ಸಾದಾ ಮಾತುಗಳ ಸಾಲುಗಳನ್ನು ಜಾಲದ ಮೂಲಕ ಅದಕ್ಕೆ ಕಳುಹಿಸಿ ಉತ್ತರ ಪಡೆಯುತ್ತವೆ. ಹೀಗೆ ಬೇರ್ಪಡಿಸಿದ್ದಕ್ಕೆ ಕಾರಣಗಳಿವೆ. ಚಿತ್ರ ಬರೆಯುವ ಕೆಲಸದ ಭಾರ ನಾದದ ಮೇಲೆ ಬೀಳಬಾರದು. ಮುಖವು ನಡುವೆ ಕುಸಿದುಬಿದ್ದರೂ ನಾದ ನಿಲ್ಲಬಾರದು. ಬೀಸಣಿಗೆಯ ಸದ್ದಿರುವ ಯಂತ್ರವನ್ನು ಹಾಡುವವನ ಕಿವಿಯಿಂದ ದೂರವಿಡಬೇಕು. ಇನ್ನೊಂದು ವಿವೇಕವೂ ಅಲ್ಲಿದೆ. ಸ್ವರಗಳೂ ಪೆಟ್ಟುಗಳೂ ಯಂತ್ರಕ್ಕೆ ಹೋಗುವ ದಾರಿ ಬೇರೆ. ಯಾವ ವಾದ್ಯ, ಎಷ್ಟು ಗಟ್ಟಿ, ಯಾವ ಮೂಲೆಯಿಂದ ಎಂಬ ವ್ಯವಸ್ಥೆಯ ಮಾತುಗಳು ಹೋಗುವ ದಾರಿ ಬೇರೆ. ವ್ಯವಸ್ಥೆಯ ಮುಖವು ಪೆಟ್ಟಿನ ದಾರಿಗೆ ಅಡ್ಡವಾಗಿ ನಿಲ್ಲುವುದಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಹೀಗೆ ಬೇರ್ಪಟ್ಟೊಡನೆ ಮುಖದ ಸ್ವರೂಪವೇ ಬದಲಾಗುತ್ತದೆ. ಹಾರ್ಮೋನಿಯಮ್ಮಿನ ಮನೆ ಒತ್ತಿದರೆ ಒತ್ತಿದುದೇ ನುಡಿದುದು. ಪರದೆಯ ಮೇಲಿನ ಮನೆ ಒತ್ತಿದರೆ ಅದು ನುಡಿದುದಲ್ಲ, ನುಡಿಯೆಂದು ಹೇಳಿಕಳುಹಿಸಿದುದು. ಮುಖವು ಇನ್ನು ವಾದ್ಯದ ಅಂಗವಲ್ಲ, ವಾದ್ಯದ ಬಳಿಗೆ ಹೋಗಿಬರುವ ದೂತ. ಆದುದರಿಂದ ಅದನ್ನು ರಚಿಸುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಅಂದಚಂದದ್ದಕ್ಕಿಂತ ಮೊದಲು ದೂತಧರ್ಮದ್ದು.

ನಮ್ಮ ಪ್ರಾಚೀನರು ಈ ಧರ್ಮವನ್ನು ಚೆನ್ನಾಗಿ ಅರೆದುನೋಡಿದ್ದಾರೆ. ಮೈಸೂರಿನ ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರನ್ನು ರಾಜರ ಮುಖವೆಂದು ಕರೆದಿದೆ. ಮುಖ ಎಂಬ ಶಬ್ದಕ್ಕೆ ಬಾಯೆಂದೂ ಮೋರೆಯೆಂದೂ ಎರಡು ಅರ್ಥ. ಇಂದಿನ ತಂತ್ರಜ್ಞರು ಇಂಟರ್‌ಫೇಸ್ ಎನ್ನುವಾಗ ತಮಗರಿಯದೆಯೇ ಆ ಹಳೆಯ ಶಬ್ದದ ಹತ್ತಿರಕ್ಕೆ ಬಂದಿದ್ದಾರೆ. ಕೌಟಿಲ್ಯನು ದೂತರನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕಾರ್ಯವನ್ನೆಲ್ಲ ತನ್ನ ವಿವೇಕದಿಂದ ನಡೆಸಲು ಅಧಿಕಾರವುಳ್ಳವನು ನಿಸೃಷ್ಟಾರ್ಥ. ಗೊತ್ತುಮಾಡಿಕೊಟ್ಟ ಎಲ್ಲೆಯೊಳಗೆ ಮಾತ್ರ ವ್ಯವಹರಿಸತಕ್ಕವನು ಪರಿಮಿತಾರ್ಥ. ಓಲೆಯನ್ನು ಒಯ್ದು ಮುಟ್ಟಿಸಿ ಬರತಕ್ಕವನು ಶಾಸನಹರ. ಮಂತ್ರಿಗಿರಬೇಕಾದ ಗುಣಗಳೆಲ್ಲವೂ ಇದ್ದವನು ಮೊದಲನೆಯ ಪದವಿಗೆ ತಕ್ಕವನು. ಕಾಲು ಭಾಗ ಕಡಿಮೆಯಾದರೆ ಎರಡನೆಯದು. ಅರ್ಧವೇ ಇದ್ದರೆ ಮೂರನೆಯದು. ಯೋಗ್ಯತೆಯನ್ನು ಅಳೆದು ಅಧಿಕಾರವನ್ನು ಕೊಡುವ ಈ ಕ್ರಮವನ್ನು ಪರದೆಯ ರಚನೆಗೆ ಹಚ್ಚಿನೋಡಿದರೆ ಬಹಳ ಸಂಗತಿಗಳು ಸ್ಪಷ್ಟವಾಗುತ್ತವೆ.

ಕೆಲವು ತಿಂಗಳ ಹಿಂದೆ ನಮ್ಮ ಕಡೆಯ ಒಂದು ಮನೆಯ ಜಗಲಿಯಲ್ಲಿ ಕೃಷ್ಣಸಂಧಾನದ ತಾಳಮದ್ದಳೆ ನಡೆಯಿತು. ಅದೂ ದೂತನ ಕತೆಯೇ. ಶ್ರುತಿಯ ಯಂತ್ರವನ್ನು ಒಳಕೋಣೆಯಲ್ಲಿಟ್ಟು, ಭಾಗವತರ ಮುಂದೆ ಪರದೆಯೊಂದನ್ನು ನಿಲ್ಲಿಸಿದ್ದರು. ನಡುರಾತ್ರಿ ಮೀರಿದ ಮೇಲೆ ಹಿರಿಯರಾದ ಆ ಭಾಗವತರು, ಅರ್ಥಗಾರಿಕೆ ಲಂಬವಾಗಿ ನಡೆಯುತ್ತಿದ್ದಾಗ, ಬಿಳಿ ಮೂರರಿಂದ ಕಪ್ಪು ಎರಡಕ್ಕೆ ಶ್ರುತಿಯನ್ನು ಇಳಿಸಿಕೊಂಡರು. ಅರ್ಥದ ವೇಳೆಯಲ್ಲಿ ಧ್ವನಿವರ್ಧಕದಲ್ಲಿಯೇ ಶ್ರುತಿಯನ್ನು ತಗ್ಗಿಸಿಟ್ಟಿದ್ದರಾದ್ದರಿಂದ ಇಳಿದದ್ದು ಕಿವಿಗೆ ತಿಳಿಯುವಂತಿರಲಿಲ್ಲ. ಪರದೆಯು ಕಪ್ಪು ಎರಡು ಎಂದು ತೋರಿಸಿತು, ಅಷ್ಟೆ. ನಿಜದಲ್ಲಿ ನಡುವಣ ಸಂಪರ್ಕ ಆಗಲೇ ಕಡಿದುಹೋಗಿತ್ತು. ಅಪ್ಪಣೆ ಯಂತ್ರಕ್ಕೆ ಮುಟ್ಟಿರಲಿಲ್ಲ. ಮುಂದಿನ ಪದ್ಯ ಎತ್ತಿಕೊಂಡಾಗ ಶ್ರುತಿ ಬಿಳಿ ಮೂರರಲ್ಲಿಯೇ ನುಡಿಯಿತು. ಅವರು ಕೇಳಿದ ಶ್ರುತಿಗೆ ಸೇರಿ ಹಾಡಿದರು, ತಾರಸ್ಥಾಯಿ ಎಟುಕಲಿಲ್ಲ, ಮತ್ತೆ ಪ್ರಯತ್ನಿಸಿದರು, ಸ್ವರ ಒಡೆಯಿತು. ಇಳಿಸಿದ ಶ್ರುತಿಯಲ್ಲಿಯೂ ಕಂಠ ನಡೆಯದೆ ಹೋಯಿತೆಂದು ಅವರು ಕುಗ್ಗಿದುದು ಮುಖದಲ್ಲಿ ಕಾಣುತ್ತಿತ್ತು. ವಯಸ್ಸಾಯಿತಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದೂ ಕೇಳಿಸಿತು. ಅವರು ಜಾಗಟೆಯನ್ನು ಎಳೆಯ ಭಾಗವತರ ಕೈಗೆ ಕೊಟ್ಟು ಎದ್ದರು. ಕಾರಣ ಗೊತ್ತಾದದ್ದು ಬೆಳಗಿನ ಚಹಾದ ಹೊತ್ತಿಗೆ.

ಈ ಸಂಗತಿಯಲ್ಲಿ ಕೆಟ್ಟದ್ದು ಸಂಪರ್ಕ ಕಡಿದದ್ದಲ್ಲ. ತಂತಿ ಹರಿಯುತ್ತದೆ, ತಿದಿ ತೂತಾಗುತ್ತದೆ, ಚಂಡೆಯ ಚರ್ಮ ಮಳೆಗಾಲದಲ್ಲಿ ಸೋಲುತ್ತದೆ. ಸಲಕರಣೆಗಳ ಸ್ವಭಾವ ಹೀಗೆಯೇ. ಕೆಟ್ಟದ್ದೇನೆಂದರೆ, ದೂತನು ಹೋಗದೆಯೇ ಹೋಗಿಬಂದೆನೆಂದದ್ದು. ಕೇಳಿದ ಕೂಡಲೇ ಪರದೆಯು ಆಯಿತೆಂದಿತು. ಆಯಿತೆಂಬ ಮಾತನ್ನು ಯಂತ್ರದಿಂದ ಕೇಳಿ ಹೇಳಿದ್ದಲ್ಲ, ಒಡೆಯನ ಮನಸ್ಸು ಸಂತೋಷಪಡಲೆಂದು ತಾನೇ ಕಟ್ಟಿ ಹೇಳಿದ್ದು. ಇದರ ಫಲವಾಗಿ ಐವತ್ತು ವರ್ಷ ಶ್ರುತಿಯೊಡನೆ ಬಾಳಿದ ಮನುಷ್ಯನೊಬ್ಬ ಗಾಜಿನ ಮೇಲಿನ ಅಕ್ಷರವನ್ನು ನಂಬಿ ತನ್ನ ಕಂಠವನ್ನು ಸಂಶಯಿಸಿದ. ಯಂತ್ರದ ಸುಳ್ಳಿನಿಂದ ನಷ್ಟವಾಗುವುದು ಒಂದು ಪದ್ಯವೆಂದು ಎಣಿಸಬಾರದು. ಮನುಷ್ಯನಿಗೆ ತನ್ನ ಇಂದ್ರಿಯಗಳ ಮೇಲಿರುವ ನಂಬಿಕೆಯೇ ಅಲ್ಲಿ ಸೋರಿಹೋಗುತ್ತದೆ.

ಕೇಳಿದುದು, ಒಪ್ಪಿದುದು, ನಡೆದುದು ಇವು ಮೂರು ಬೇರೆ ಬೇರೆ ಸಂಗತಿಗಳು. ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಶರಾವತಿಯ ಎರಡು ದಂಡೆಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನಲ್ಲಿ ನೀರು 1,819 ಅಡಿಯ ಪೂರ್ಣಮಟ್ಟಕ್ಕೆ ಸಮೀಪಿಸಿದ ವರ್ಷ, ಕೆಳಗಿನ ಹಳ್ಳಿಗಳಿಗೆ ಮುನ್ನೆಚ್ಚರಿಕೆಯ ಪ್ರಕಟನೆ ಒಂದಾದ ಮೇಲೊಂದು ಬರುತ್ತದೆ. ಬಾಗಿಲೆತ್ತಬಹುದೆಂಬುದು ಒಂದು ಸುದ್ದಿ, ಎತ್ತಲು ಅಪ್ಪಣೆಯಾಯಿತೆಂಬುದು ಇನ್ನೊಂದು, ಎತ್ತಿದರೆಂಬುದು ಮತ್ತೊಂದು, ನೀರು ಗೇರುಸೊಪ್ಪೆಗೆ ಬಂತೆಂಬುದು ಇವೆಲ್ಲಕ್ಕಿಂತ ಬೇರೆ. ಅಲ್ಲಿ ನಾಲ್ಕು ಘಟಕಗಳಿಂದ 240 ಮೆಗಾವಾಟ್ ವಿದ್ಯುತ್ತನ್ನು ತೆಗೆಯುವ ಕೊನೆಯ ಕಟ್ಟೆಯೂ ಇದೆ. ಮೇಲಿನವರು ಬಿಟ್ಟ ನೀರನ್ನು ಕೆಳಗಿನವರು ಕಂಡ ಮೇಲೆಯೇ ಬಂತೆಂದು ನಂಬುತ್ತಾರೆ. ಇವುಗಳಲ್ಲಿ ಒಂದು ಸುದ್ದಿಯನ್ನು ಇನ್ನೊಂದೆಂದು ಸಾರಿದವನನ್ನು ದಂಡೆಯ ಜನ ಕ್ಷಮಿಸುವರೆ? ದನಕರುಗಳನ್ನು ಬಿಚ್ಚಬೇಕಾದ ಹೊತ್ತು, ದೋಣಿಯನ್ನು ಮೇಲಕ್ಕೆಳೆಯಬೇಕಾದ ಹೊತ್ತು, ಈ ಭೇದದ ಮೇಲೆ ನಿಂತಿದೆ. ಶ್ರುತಿಯ ವಿಷಯ ಇಷ್ಟು ಘೋರವಲ್ಲ, ನಿಜ. ಭೇದ ಮಾತ್ರ ಅದೇ.

ಲಿನಕ್ಸ್‌ಸ್ಯಾಂಪ್ಲರಿನ ಮಾತುಕತೆಯ ಕ್ರಮದಲ್ಲಿ ಇದಕ್ಕೆ ಮೆಚ್ಚತಕ್ಕ ಒಂದು ಏರ್ಪಾಡಿದೆ. ಮುಖವು ಕಳುಹಿಸಿದ ಪ್ರತಿಯೊಂದು ಅಪ್ಪಣೆಗೂ ಯಂತ್ರ ಮೂರರಲ್ಲಿ ಒಂದು ಬಗೆಯ ಉತ್ತರವನ್ನು ಕೊಡುತ್ತದೆ: ಆಯಿತು, ಆಯಿತು, ಆದರೆ ಎಚ್ಚರಿಕೆ, ಇಂಥ ಕಾರಣ, ಆಗಲಿಲ್ಲ, ಇಂಥ ಕಾರಣ. ನಡುವಣ ಉತ್ತರದಲ್ಲಿರುವ ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಒಳ್ಳೆಯ ಆಳು ಸಂತೆಯಿಂದ ಬಂದು ಹೇಳುವ ಮಾತೇ ಅದು: ತಂದಿದ್ದೇನೆ ಅಮ್ಮ, ಆದರೆ ನೀವು ಹೇಳಿದ ಬೇಳೆ ಅಲ್ಲ. ಇಷ್ಟು ಸತ್ಯವನ್ನು ಯಂತ್ರವೇ ಹೇಳುತ್ತಿರುವಾಗ ಮುಖವನ್ನು ರಚಿಸುವವನು ಅದನ್ನು ನುಂಗಿಹಾಕಿದರೆ ತಪ್ಪು ಯಾರದು? ಪರದೆಯ ಮೇಲೆ ಕೇಳಿಕೊಂಡ ಅಂಕಿಯನ್ನು ಮಸುಕು ಬಣ್ಣದಲ್ಲಿಯೂ, ಯಂತ್ರ ಒಪ್ಪಿದ ಅಂಕಿಯನ್ನು ತುಂಬು ಬಣ್ಣದಲ್ಲಿಯೂ ತೋರಿಸುವುದು ಕಷ್ಟದ ಕೆಲಸವಲ್ಲ. ಹಾಗೆ ಮಾಡಿದ್ದರೆ ಆ ರಾತ್ರಿ ಭಾಗವತರು ಮಸುಕಾದ ಕಪ್ಪು ಎರಡನ್ನು ಕಂಡು ಒಳಕೋಣೆಗೆ ಹುಡುಗನೊಬ್ಬನನ್ನು ಅಟ್ಟುತ್ತಿದ್ದರು. ಅಲ್ಲಿಗೆ ಸಂಗತಿ ಮುಗಿಯುತ್ತಿತ್ತು.

ಸುಂದರಕಾಂಡವನ್ನು ಓದಿದ ಮನೆಗಳಿಗೆ ಹನುಮಂತನ ದೃಷ್ಟಾಂತ ತಾನಾಗಿಯೇ ನೆನಪಾಗುತ್ತದೆ. ಲಂಕೆಯಿಂದ ಮರಳಿದವನು ಸಮುದ್ರ ಹಾರಿದುದನ್ನಾಗಲಿ ಲಂಕೆ ಸುಟ್ಟುದನ್ನಾಗಲಿ ಮೊದಲು ಹೇಳದೆ, ಸೀತೆಯನ್ನು ಕಂಡದ್ದನ್ನೇ ಮೊದಲು ಹೇಳಿದನು. ಕಾಣುವುದಕ್ಕೆ ಮುಂಚೆ ಕಂಡೆನೆನ್ನಲಿಲ್ಲ. ಕಂಡ ಮೇಲೆ ತಡಮಾಡಲಿಲ್ಲ. ಈಗಿನ ಪರದೆಗಳಲ್ಲಿ ಕೆಲವನ್ನು ನೋಡಿದರೆ, ದಡದಲ್ಲಿಯೇ ಕುಳಿತು ಲಂಕೆಯ ವರ್ಣನೆ ಮಾಡುವ ಕಪಿಗಳ ನೆನಪಾಗುತ್ತದೆ. ಮರದ ಹಲಗೆಯ ಚಿತ್ರ, ಹಿತ್ತಾಳೆಯ ತಿರುಗಣೆಯ ಚಿತ್ರ, ಅದರ ಮೇಲೆ ಬೆಳಕು ಬಿದ್ದಂತೆ ನೆರಳು. ಈ ಅಲಂಕಾರಗಳನ್ನು ನಾವು ನಿಂದಿಸುವವರಲ್ಲ; ಕಾವ್ಯದಲ್ಲಿ ಉಪಮೆಗಿರುವಷ್ಟು ಅವಕಾಶ ಇವಕ್ಕೂ ಇರಲಿ. ಆದರೆ ನಾದದ ಮಟ್ಟವನ್ನು ತೋರಿಸುವ ಮುಳ್ಳು ಯಂತ್ರದಿಂದ ಬಂದ ಸುದ್ದಿಯ ಮೇಲೆ ಆಡಬೇಕೇ ಹೊರತು, ಪರದೆಯು ತಾನೇ ಊಹಿಸಿ ಆಡಿಸಬಾರದು. ಉಪಮೆ ಬೇರೆ, ಕಳ್ಳಸಾಕ್ಷಿ ಬೇರೆ.

ಒಂದು ಯಂತ್ರಕ್ಕೆ ಹಲವು ಮುಖಗಳಿರುವಾಗ ತೊಡಕು ಇನ್ನೂ ಹೆಚ್ಚು. ಗೇರುಸೊಪ್ಪೆಯ ನಗರಬಸ್ತಿಕೇರಿಯಲ್ಲಿರುವ ಚತುರ್ಮುಖ ಬಸದಿಯನ್ನು ವಾಚಕರಲ್ಲಿ ಬಹುಮಂದಿ ನೋಡಿರಬಹುದು. ಕಾಡಿನ ನಡುವೆ ಕರಿಗಲ್ಲಿನ ಆ ಕಟ್ಟಡಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಗರ್ಭಗೃಹದಲ್ಲಿ ನಾಲ್ಕು ಕಡೆಗೂ ಮುಖಮಾಡಿ ಕುಳಿತ ಜಿನಬಿಂಬಗಳು. ಯಾವ ಬಾಗಿಲಿಂದ ಒಳಹೊಕ್ಕರೂ ನಡುವಣದು ಒಂದೇ ಗರ್ಭ. ದೂರದ ಯಂತ್ರದ ಮುಖಗಳೂ ಹಾಗಿರಬೇಕು. ಭಾಗವತರ ಕೈಯಲ್ಲೊಂದು ಪರದೆ, ಧ್ವನಿವರ್ಧಕದವನ ಕೈಯಲ್ಲೊಂದು ಪರದೆ ಇದೆಯೆಂದು ಭಾವಿಸೋಣ. ಅವನು ಶ್ರುತಿಯ ಮಟ್ಟವನ್ನು ಅರ್ಧಕ್ಕೆ ಇಳಿಸಿದ; ಇವರ ಪರದೆಯಲ್ಲಿ ಹಳೆಯ ಮಟ್ಟವೇ ನಿಂತಿತು; ಇವರು ಚೂರು ಏರಿಸಲೆಂದು ಮುಟ್ಟಿದರೆ ನಾದ ಹಳೆಯ ಮಟ್ಟವನ್ನೂ ದಾಟಿ ಒಮ್ಮೆಲೇ ಅಬ್ಬರಿಸುತ್ತದೆ. ಇಬ್ಬರೂ ಸಜ್ಜನರು, ಇಬ್ಬರ ಕೈಯೂ ಸರಿಯಾದುದೇ ಮಾಡಿತು, ಆದರೂ ಸಭೆ ಬೆಚ್ಚಿತು. ಪರದೆಯು ತನ್ನ ನೆನಪನ್ನೇ ಸತ್ಯವೆಂದು ಹಿಡಿದುಕೊಂಡದ್ದು ಇದಕ್ಕೆ ಕಾರಣ. ಸತ್ಯವಿರುವುದು ಗರ್ಭಗೃಹದಲ್ಲಿ, ಬಾಗಿಲಲ್ಲಲ್ಲ. ಲಿನಕ್ಸ್‌ಸ್ಯಾಂಪ್ಲರಿನಲ್ಲಿ ಮುಖಗಳು ಮೊದಲೇ ಹೆಸರು ಕೊಟ್ಟಿಟ್ಟರೆ, ಒಂದು ಬಾಗಿಲಿಂದಾದ ಮಾರ್ಪಾಟನ್ನು ಯಂತ್ರವು ಉಳಿದ ಬಾಗಿಲುಗಳಿಗೂ ತಾನಾಗಿಯೇ ತಿಳಿಸುತ್ತದೆ. ಬಸದಿಯ ಬಿಂಬಗಳಿಗೆ ಈ ಶ್ರಮವಿಲ್ಲ. ಅವು ಶತಮಾನಗಳಿಂದ ಕದಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಹಾಡುವವನಿಗೆ ಬೇಕಾದುದು ನೆಮ್ಮದಿ. ರಂಗದ ಮೇಲಿರುವವನ ಮುಂದೆ ಪರದೆಯು ಕ್ಷಣಕ್ಷಣಕ್ಕೂ ಇದು ತಿಳಿಯದು, ಅದು ಇನ್ನೂ ಬಂದಿಲ್ಲ ಎಂದು ಗೊಣಗುತ್ತಿದ್ದರೆ ಅವನು ಹಾಡುವುದೆಂತು? ಒಳ್ಳೆಯ ಸೇವಕನು ಸಣ್ಣಪುಟ್ಟ ವಿಘ್ನಗಳನ್ನು ತಾನೇ ನಿವಾರಿಸಿ ಒಡೆಯನಿಗೆ ಹೇಳದೆಯೂ ಇರುತ್ತಾನಲ್ಲವೆ? ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ನಾದವು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ; ಭಾಗವತರಿಂದ ಮೂರೂವರೆ ಮೀಟರಿನಷ್ಟು ದೂರ ನಿಂತ ಚಂಡೆಯವನಿಗೆ ಅವರ ಸ್ವರ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ತಡವಾಗಿಯೇ ಮುಟ್ಟುತ್ತದೆ. ಇದನ್ನು ಯಾರೂ ದೂರಿಲ್ಲ, ಯಾರೂ ತಿಳಿಸಬೇಕಾಗಿಯೂ ಇಲ್ಲ. ಹಾಗೆಯೇ ಪರದೆಯ ಸರಿಗೋಲನ್ನು ಬೆರಳಿಂದ ಎಳೆಯುವಾಗ ಹುಟ್ಟುವ ನೂರು ಅಪ್ಪಣೆಗಳಲ್ಲಿ ನಡುವಿನವನ್ನು ಕೈಬಿಟ್ಟು ಕೊನೆಯದನ್ನು ಮುಟ್ಟಿಸುವುದು ದೂತನ ಜಾಣ್ಮೆ. ಅದಕ್ಕೆ ಒಡೆಯನ ಅನುಮತಿ ಬೇಡ. ಒಮ್ಮೆ ಮುಟ್ಟದ ಓಲೆಯನ್ನು ಮತ್ತೆ ಒಯ್ಯುವುದೂ ಹಾಗೆಯೇ. ಇಷ್ಟರಮಟ್ಟಿಗೆ ಮುಖವು ಪರಿಮಿತಾರ್ಥನಾಗಿರಬಹುದು. ಎಲ್ಲೆ ಯಾವುದೆಂದರೆ, ತಿಳಿದಿದ್ದರೆ ಹಾಡುವವನು ಬೇರೆ ಬಗೆಯಾಗಿ ನಡೆದುಕೊಳ್ಳುತ್ತಿದ್ದನೇ ಎಂಬುದು. ನಡೆದುಕೊಳ್ಳುತ್ತಿದ್ದನೆಂದಾದರೆ ಮುಚ್ಚಿಡುವುದು ಸೇವೆಯಲ್ಲ. ಶ್ರುತಿ ಇಳಿದಿಲ್ಲವೆಂದು ತಿಳಿದಿದ್ದರೆ ನಮ್ಮ ಭಾಗವತರು ಜಾಗಟೆ ಬಿಟ್ಟೇಳುತ್ತಿರಲಿಲ್ಲ.

ಎಲ್ಲೆ ದಾಟಿ ನಿಸೃಷ್ಟಾರ್ಥನಾಗಬಯಸುವ ಮುಖಗಳೇ ಈಗ ಹೆಚ್ಚುತ್ತಿರುವುದು. ಶ್ರುತಿಯ ಒಂದು ಮನೆಯಿಂದ ಮುಂದಿನ ಮನೆಗೆ ನೂರು ಸೆಂಟುಗಳೆಂದು ಲೆಕ್ಕ. ಗಾಯಕನೊಬ್ಬ ಕಪ್ಪು ಎರಡಕ್ಕಿಂತ ಇಪ್ಪತ್ತು ಸೆಂಟು ಮೇಲಿಟ್ಟುಕೊಂಡರೆ, ಅದು ಅವನ ಕಂಠದ ಗುಟ್ಟು, ಇಲ್ಲವೆ ಆ ದಿನದ ಮದ್ದಳೆಯ ಹದ. ಪರದೆಯು ಇದನ್ನು ತಪ್ಪೆಂದು ಬಗೆದು ಸದ್ದಿಲ್ಲದೆ ಹತ್ತಿರದ ಮನೆಗೆ ತಳ್ಳುವುದುಂಟು. ಅಥವಾ ಯಂತ್ರದಲ್ಲಿ ಇಪ್ಪತ್ತು ಸೆಂಟು ಉಳಿದಿದ್ದರೂ ತನ್ನ ಮೈಮೇಲೆ ಬರಿಯ ಕಪ್ಪು ಎರಡೆಂದೇ ಬರೆದುಕೊಳ್ಳುವುದುಂಟು. ಮೊದಲನೆಯದು ಒಡೆಯನ ಮಾತನ್ನು ತಿದ್ದಿ ಒಯ್ದ ದೂತನ ನಡತೆ, ಎರಡನೆಯದು ಉತ್ತರವನ್ನು ತಿದ್ದಿ ತಂದವನ ನಡತೆ. ಮಂತ್ರಿಗಿರಬೇಕಾದ ಗುಣಗಳಲ್ಲಿ ಅರ್ಧವೂ ಇಲ್ಲದವನಿಗೆ ಈ ಅಧಿಕಾರವನ್ನು ಯಾರು ಕೊಟ್ಟರು? ಇನ್ನು ಹೆಸರುಗಳ ಮಾತು. ಹಿಮ್ಮೇಳದವರು ಕಪ್ಪು, ಬಿಳಿ ಎನ್ನುತ್ತಾರೆ. ಕರ್ನಾಟಕ ಸಂಗೀತದವರು ಒಂದೂವರೆ ಮನೆ, ಎರಡೂವರೆ ಮನೆ ಎನ್ನುತ್ತಾರೆ. ಹಿಂದುಸ್ತಾನಿಯವರು ಕಾಳಿ ಎರಡು ಎನ್ನುತ್ತಾರೆ. ಪರದೆ ಮಾತ್ರ ಡಿ ಶಾರ್ಪ್ ಎನ್ನುತ್ತದೆ. ಕಳುಹಿಸಿದವನ ಭಾಷೆಯೇ ಬಾರದ ದೂತನನ್ನು ನೇಮಿಸಿಕೊಂಡು, ಅವನ ಮಾತು ನಮಗೆ ಅರ್ಥವಾಗದಿದ್ದಾಗ ನಾವೇ ನಾಚಿಕೊಳ್ಳುವುದು ಇತ್ತೀಚಿನ ರೂಢಿ.

ದೂತನನ್ನು ಕೊಲ್ಲಬಾರದೆಂಬ ನಿಯಮ ಪ್ರಸಿದ್ಧವಾಗಿದೆ. ರಾವಣನು ಹನುಮಂತನನ್ನು ಕೊಲ್ಲಿಸಹೊರಟಾಗ ವಿಭೀಷಣನು ಅಡ್ಡಬಂದದ್ದು ಈ ನಿಯಮವನ್ನು ಹಿಡಿದೇ. ನಿಯಮಕ್ಕೆ ಕಾರಣವೇನು? ದೂತನು ಆಡುವುದು ತನ್ನ ಮಾತಲ್ಲ, ಕಳುಹಿಸಿದವನ ಮಾತು. ಆದುದರಿಂದ ಆ ಮಾತಿನ ಹೊಣೆ ಅವನದಲ್ಲ. ಇದರಿಂದ ಹೊರಡುವ ಇನ್ನೊಂದು ಅರ್ಥವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ತನ್ನ ಮಾತನ್ನು ಬೆರೆಸಿದ ಕ್ಷಣದಲ್ಲಿಯೇ ದೂತನು ಆ ರಕ್ಷಣೆಯನ್ನು ಕಳೆದುಕೊಳ್ಳುತ್ತಾನೆ. ಪರದೆಯನ್ನು ರಚಿಸಿದವರನ್ನು ಕೇಳಿದರೆ, ನಮ್ಮದೇನಿದೆ, ನಾವು ಬರಿಯ ಮುಖ ಮಾಡಿಕೊಟ್ಟವರು, ನಾದ ಯಂತ್ರದ್ದು, ಸಂಪರ್ಕ ಇನ್ನಾರದೋ ಎಂದು ಕೈ ತೊಳೆದುಕೊಳ್ಳುವುದನ್ನು ಕೇಳಿದ್ದೇವೆ. ಇದ್ದುದನ್ನು ಇದ್ದಂತೆ ಒಯ್ದು, ಬಂದುದನ್ನು ಬಂದಂತೆ ತಂದಿದ್ದರೆ ಈ ಸಮಾಧಾನ ಸಲ್ಲುತ್ತದೆ. ಬರದ ಉತ್ತರವನ್ನು ಬಂತೆಂದು ಬರೆದವರಿಗೆ ಸಲ್ಲುವುದಿಲ್ಲ. ಯಂತ್ರಗಳ ಲೋಕದಲ್ಲಿ ಹೊಣೆಯೆಂಬುದು ಕರಗಿಹೋಯಿತೆಂದು ಕೆಲವರು ದುಃಖಿಸುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಚಾಪೆಯಿಂದೆದ್ದ ಹೊಣೆ ಎಲ್ಲಿ ಹೋಗಿ ಕುಳಿತಿದೆಯೆಂದು ಹುಡುಕಿದರೆ, ಎಲ್ಲೆಲ್ಲಿ ಮಾತು ಬದಲಾಯಿತೋ ಅಲ್ಲಲ್ಲಿ ಅದು ಸಿಕ್ಕುತ್ತದೆ.

ಸಂದೇಶ ಯಾರದೆಂದು ಹೇಳುವುದೂ ದೂತನ ಕರ್ತವ್ಯ. ಸ್ಯಾಂಪ್ಲರಿನೊಳಗಿರುವ ಚಂಡೆಯ ಪೆಟ್ಟು ಯಂತ್ರ ಹುಟ್ಟಿಸಿದ್ದಲ್ಲ. ಯಾರೋ ಒಬ್ಬ ಚಂಡೆಯವನ ಮಣಿಕಟ್ಟಿನಿಂದ, ಯಾವುದೋ ಒಂದು ದಿನ, ಯಾವುದೋ ಒಂದು ಚರ್ಮದ ಮೇಲೆ ಬಿದ್ದದ್ದು. ಅದನ್ನು ಸಾವಿರ ಸಲ ನುಡಿಸುವವರಿಗೆ ಆ ಕೈಯ ಪರಿಚಯವಿರುವುದಿಲ್ಲ. ಪರದೆಯ ಮೇಲೆ ಚಂಡೆಯ ಬಣ್ಣದ ಚಿತ್ರಕ್ಕೆ ಸ್ಥಳವಿದೆ, ತಂತ್ರಾಂಶ ಮಾರುವವರ ಮುದ್ರೆಗೆ ಸ್ಥಳವಿದೆ. ನುಡಿಸಿದವನ ಹೆಸರಿಗೂ ಒಂದು ಸಾಲು ಸಿಕ್ಕಬೇಕು.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಇದರಲ್ಲಿ ನಮ್ಮ ಮಿತ್ರರೊಳಗೇ ಭಿನ್ನಾಭಿಪ್ರಾಯವಿದೆ. ಸಂಪರ್ಕ ಪೂರ್ತಿ ಕಡಿದಾಗ ಯಂತ್ರ ಏನು ಮಾಡಬೇಕು? ಅಪ್ಪಣೆ ಕೊಡುವವನೇ ಇಲ್ಲದ ಮೇಲೆ ಮೌನವಾಗುವುದು ಸರಿಯೆಂದು ಕೆಲವರು ಹೇಳುತ್ತಾರೆ. ಒಡೆಯನಿಲ್ಲದ ಕುದುರೆ ಓಡುತ್ತಲೇ ಇರಬಾರದು ಎಂಬುದು ಅವರ ಯುಕ್ತಿ. ಕೈ ತಪ್ಪಿ ಸುತ್ತುತ್ತಲೇ ಉಳಿದ ಚಂಡೆಯ ಬಿಡ್ತಿಗೆಯ ವಿಷಯದಲ್ಲಿ ನಾವೂ ಇದನ್ನು ಒಪ್ಪುತ್ತೇವೆ, ಅದು ನಿಲ್ಲಲಿ. ಶ್ರುತಿಯ ಮಾತು ಬೇರೆ. ಪದ್ಯದ ನಡುವೆ ಶ್ರುತಿ ತಟ್ಟನೆ ನಿಂತರೆ ಹಾಡುವವನ ಕಾಲಡಿಯ ನೆಲವೇ ಜಾರಿದಂತೆ. ಅದು ಕೊನೆಯದಾಗಿ ಒಪ್ಪಿಕೊಂಡ ಮನೆಯಲ್ಲಿಯೇ ನುಡಿಯುತ್ತಿರಲಿ; ಪರದೆಯು ತನ್ನ ಅಂಕಿಗಳನ್ನೆಲ್ಲ ಅಳಿಸಿ, ಯಂತ್ರದ ಸುದ್ದಿ ನನಗೆ ತಿಳಿಯದು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಲಿ. ಇದಲ್ಲದೆ, ಒಳಕೋಣೆಯ ಯಂತ್ರದ ಮೈಮೇಲೆ, ಯಾವ ಅಲೆಯ ಹಂಗೂ ಇಲ್ಲದ ನಿಜವಾದ ತಿರುಗಣೆಯೊಂದು ಇರಲಿ. ಮನೆಯ ಹುಡುಗ ಎದ್ದುಹೋಗಿ ಕೈಯಿಂದಲೇ ಶ್ರುತಿಯನ್ನು ಅರ್ಧ ಮನೆ ಇಳಿಸಿ ಬರಬಹುದು.